‘ಸಹಸಂಬಂಧ’ ಸಾಕಾ, ಬೇರೆ ಪದ ಬೇಕಾ?

ಎಲ್ಲರಿಗೂ ನಮಸ್ಕಾರ. ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿ.

ಮಕ್ಕಳ ರಕ್ತಹೀನತೆಯ ಸಮೀಕ್ಷೆಗೆ ಹೋಗುವವರಿಗಾಗಿ ಅಂಕಿಅಂಶದ ಪಾಠ ಬರೆಯುತ್ತಿದ್ದೇನೆ. ನಾನೂ ಇದನ್ನೆಲ್ಲ ಈಗೀಗ ಕಲಿಯುತ್ತಿರುವವಳೇ. ‘ಕೋರಿಲೇಷನ್’ಗೆ ಪಠ್ಯಪುಸ್ತಕದ ‘ಸಹಸಂಬಂಧ’ ಇದೆ. ಮಗುವಿನ ಎತ್ತರ ಜಾಸ್ತಿಯಾದಂತೆ ತೂಕವೂ ಜಾಸ್ತಿ ಅನ್ನುವ ಕಡೆ ಅದು ಚೆನ್ನಾಗಿ ಕೂರುತ್ತದೆ, ತಕರಾರಿಲ್ಲ. ತೊಂದರೆ ಶುರುವಾಗುವುದು ‘ಕೋರಿಲೇಟೆಡ್ ಡೇಟಾ’ ಬಂದಾಗ. ಇಲ್ಲಿ ಎರಡು ಬೇರೆ ಬೇರೆ ಅಳತೆಗಳ ಮಾತೇ ಇಲ್ಲ. ಅಳತೆ ಒಂದೇ, ಹಿಮೋಗ್ಲೋಬಿನ್ ಅಂತಿಟ್ಟುಕೊಳ್ಳಿ. ಅದನ್ನು ಒಂದೇ ಅಂಗನವಾಡಿಯ ಇಪ್ಪತ್ತು ಮಕ್ಕಳಲ್ಲಿ ತೆಗೆದಿರುತ್ತಾರೆ, ಇಲ್ಲವೇ ಒಂದೇ ಮಗುವಿಗೆ ಮೂರು ಸಲ. ಒಂದೇ ಕಡೆ ಉಂಡು, ಒಂದೇ ಬೋರ್‌ವೆಲ್ ನೀರು ಕುಡಿಯುವ ಮಕ್ಕಳ ಅಂಕಿಗಳು ಒಂದಕ್ಕೊಂದು ಹತ್ತಿರ ಇರುತ್ತವೆ, ಅಷ್ಟೇ ವಿಷಯ. ‘ಸಹಸಂಬಂಧವುಳ್ಳ ದತ್ತಾಂಶ’ ಅಂತ ಬರೆದು ಒಬ್ಬರಿಗೆ ಓದಲು ಕೊಟ್ಟೆ. “ಯಾವುದಕ್ಕೂ ಯಾವುದಕ್ಕೂ ಸಂಬಂಧ ಮೇಡಂ?” ಅಂದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಅರ್ಥ ಹೇಳುವುದೇನೂ ಕಷ್ಟವಲ್ಲ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕುತ್ತೇವೆ. ಅದೇ ಪಾತ್ರೆಯಿಂದ ಇನ್ನೂ ಹತ್ತೊಂಬತ್ತು ಹಿಸುಕಿದರೆ ಬೆರಳು ಸುಡುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಮಕ್ಕಳು ಅಗುಳಿನಷ್ಟು ಒಂದೇ ಥರ ಇರುವುದಿಲ್ಲ, ಆದರೂ ಲೆಕ್ಕ ನೋಡಿ. 10 ಅಂಗನವಾಡಿ, ಒಂದೊಂದರಲ್ಲಿ 20 ಮಕ್ಕಳು, ಒಟ್ಟು 200. ಒಳಗಿನ ಕೋರಿಲೇಷನ್, ಅಂದರೆ ಒಂದೇ ಅಂಗನವಾಡಿಯ ಮಕ್ಕಳ ಅಂಕಿಗಳು ಎಷ್ಟು ಹತ್ತಿರ ಅನ್ನುವ ಅಳತೆ, ಬರೀ 0.05 ಇದ್ದರೂ ಒಂದು ಮಗುವಿನ ಜೊತೆಗಿರುವ ಮಿಕ್ಕ 19 ಮಕ್ಕಳ ಲೆಕ್ಕ ಸೇರಿ 1 + 19 × 0.05, ಅಂದರೆ 1.95. 200ನ್ನು ಅದರಿಂದ ಭಾಗಿಸಿದರೆ ಸುಮಾರು 103. ಇನ್ನೂರು ಮಕ್ಕಳ ಬೆರಳು ಚುಚ್ಚಿ ಅಳಿಸಿ, ಸಿಕ್ಕ ಮಾಹಿತಿ ನೂರಾಮೂರು ಮಕ್ಕಳದ್ದು! ಐದು ಅಂಗನವಾಡಿಗೆ ಹೊಸ ಆಹಾರ ಕೊಟ್ಟು, ಐದಕ್ಕೆ ಕೊಡದೆ, ಇದನ್ನು ಮರೆತು ಸುಮ್ನೆ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಹಾಕಿದರೆ ಇಲ್ಲದ ಗುಣವೂ ಇದ್ದಂತೆ ಕಾಣಬಹುದು. ಅದಕ್ಕೇ 1986ರಲ್ಲಿ ಲಿಯಾಂಗ್ ಮತ್ತು ಜೀಗರ್ ಕೊಟ್ಟ ಜಿಇಇ (ಜನರಲೈಸ್ಡ್ ಎಸ್ಟಿಮೇಟಿಂಗ್ ಈಕ್ವೇಷನ್ಸ್), ಮಿಕ್ಸೆಡ್ ಮಾಡೆಲ್, ಹೀಗೆ ಈ ಹತ್ತಿರವನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನಗಳು ಬೇಕಾಗುವುದು. ಆ ಹೆಸರುಗಳನ್ನು ಹಾಗೇ ಬಿಡುತ್ತೇನೆ, ಅಲ್ಲಿ ಬರುವ ‘ರ‍್ಯಾಂಡಮ್’ಗೆ ‘ಯಾದೃಚ್ಛಿಕ’ ಅಂತ ಬರೆಯುವ ಧೈರ್ಯ ನನಗಿಲ್ಲ.

ಒಂದು ಮಜಾ ಹೇಳಬೇಕು. ಈ ಒಳಗಿನ ಕೋರಿಲೇಷನ್ ವಿವರಿಸಲು ಸಂಖ್ಯಾಶಾಸ್ತ್ರಜ್ಞ ಫಿಶರ್ ತಮ್ಮ 1925ರ ಪುಸ್ತಕದಲ್ಲಿ ತೆಗೆದುಕೊಂಡ ಉದಾಹರಣೆ ‘ಬ್ರದರ್ಸ್’. ಇಬ್ಬರಲ್ಲಿ ಯಾರು ಮೊದಲು ಅನ್ನುವ ಕ್ರಮವಿಲ್ಲದ ಜೋಡಿ. ಇದನ್ನು ‘ಅಣ್ಣತಮ್ಮ’ ಅಂತ ಕನ್ನಡಕ್ಕೆ ತಂದ ಕೂಡಲೇ ಕ್ರಮ ಬಂದುಬಿಡುತ್ತದೆ, ಅಣ್ಣನದ್ದು ಒಂದು ಸಾಲು, ತಮ್ಮನದ್ದು ಇನ್ನೊಂದು ಸಾಲು, ಹಳೇ ಸಹಸಂಬಂಧವೇ ಆಯಿತು, ಉದಾಹರಣೆ ಕೆಟ್ಟಿತು. ‘ಒಡಹುಟ್ಟಿದವರು’ ಅಂದರೆ ಉಳಿಯುತ್ತದೆ. ಈ ‘ಒಡ’ ನೋಡಿಯೇ ‘ಒಡನಂಟು’ ಅನ್ನಬಹುದಾ ಅಂತ ಹೊಳೆದದ್ದು.

ಬೇರೆಯವೂ ತಲೆಗೆ ಬಂದವು. ‘ಒಳಹೋಲಿಕೆ’ ಅರ್ಥಕ್ಕೆ ತುಂಬಾ ಹತ್ತಿರ, ಆದರೆ ‘ಹೋಲಿಕೆ ಮಾಡಿ’ ಅಂದರೆ ಕಂಪೇರ್ ಮಾಡಿ ಅಂತ, ಅದೇ ಪಾಠದಲ್ಲಿ ಮುಂದೆ ‘ಹೋಲಿಕೆ ಗುಂಪು’ ಬೇರೆ ಬರುತ್ತದೆ. ‘ಒಳನಂಟು’ ಯಾಕೋ ಕದ್ದುಮುಚ್ಚಿ ನಡೆಸುವ ವ್ಯವಹಾರದ ಹಾಗೆ ಕೇಳುತ್ತದೆ. ಹೀಗೆ ಒಂದೇ ಕಡೆಯಿಂದ ಬಂದ ಅಂಕಿಗಳ ಕೂಟಕ್ಕೆ, ಅಂದರೆ ಕ್ಲಸ್ಟರ್‌ಗೆ ‘ಗುಂಪು’ ಬೇಡ, ಅದು ಗ್ರೂಪ್‌ಗೆ ಬೇಕು. ‘ಕ್ಲಸ್ಟರ್’ ಅಂತಲೇ ಬಿಟ್ಟರೆ ನಮ್ಮ ಮೇಷ್ಟ್ರುಗಳಿಗೆ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ರಿಸೋರ್ಸ್ ಪರ್ಸನ್) ನೆನಪಾಗುತ್ತಾರೆ. ನನಗೆ ‘ಗೊಂಚಲು’ ಇಷ್ಟ. ಒಂದೇ ತೊಟ್ಟಿನ ಹಣ್ಣು, ರುಚಿಯೂ ಹೆಚ್ಚುಕಡಿಮೆ ಒಂದೇ.

‘ಒಡನಂಟಿರುವ ಅಂಕಿಗಳು’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇನ್ನೊಂದು, ಒಂದೇ ಹೊಲದ ಕಾಳು, ಒಂದೇ ಮನೆಯ ಮಕ್ಕಳು ಒಂದೇ ಥರ ಇರುವುದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಏನಾದರೂ ಹೇಳುತ್ತಾರಾ? ಹಾವೇರಿ, ಧಾರವಾಡ, ಕುಂದಾಪುರದ ಕಡೆಯವರು ದಯವಿಟ್ಟು ಬರೆಯಿರಿ.