ಹಳೇಮನೆ ಬಳಗ: ‘ಚೆನ್’ ಅಂದ್ರೆ ನಮ್ಮ ‘ಚೆನ್ನ’ನಾ?

ದೊಡ್ಡಪ್ಪ (ಫಾರ್ವರ್ಡ್): ನಿಮಗಿದು ಗೊತ್ತೇ? ಚೀನಾದ ಕೋಟ್ಯಂತರ ಜನರ ಮನೆತನದ ಹೆಸರು ‘ಚೆನ್’. ಅದು ನಮ್ಮ ಕನ್ನಡದ ‘ಚೆನ್ನ’! ಹಡಗೇರಿ ಹೋದ ನಮ್ಮ ವರ್ತಕರ ಮಕ್ಕಳೇ ಇವರು. ಹೆಮ್ಮೆಯ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ.

ಚಿಕ್ಕಮ್ಮ: ಹೌದಾ ಭಾವ! ನಮ್ಮ ಲೇಡೀಸ್ ಗ್ರೂಪಿಗೂ ಹಾಕ್ತೀನಿ.

ನಾನು: ಚಿಕ್ಕಮ್ಮ, ತಡೀರಿ, ಹಾಕ್ಬೇಡಿ. ದೊಡ್ಡಪ್ಪ, ಇದು ನಿಜ ಅಲ್ಲ. ನಾನಿರೋ ಸಿಂಗಪುರದ ಚೀನೀಯರಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕಿರೋ ಹೆಸರೇ ಇದು. ಆದ್ರೆ ಇಲ್ಲಿ ಅದು ‘ತಾನ್’. ಅಕ್ಷರ ಒಂದೇ, ಓದೋದು ಬೇರೆ. ಹಾಂಗ್‌ಕಾಂಗಿನಲ್ಲಿ ‘ಚಾನ್’, ದಕ್ಷಿಣ ಚೀನಾದ ಹಕ್ಕಾ ಜನರಲ್ಲಿ ‘ಚಿನ್’, ವಿಯೆಟ್ನಾಮಿನಲ್ಲಿ ‘ತ್ರಾನ್’. ತಾನ್‌ಗೂ ಚೆನ್ನನಿಗೂ ಎಲ್ಲಿಯ ನಂಟು?

ದೊಡ್ಡಪ್ಪ: ಊರಿಂದೂರಿಗೆ ನುಡಿ ಬದಲಾಗುತ್ತೆ ಮಗಳೇ. ಚೆನ್ನ ಅನ್ನೋದೇ ಸವೆದು ತಾನ್ ಆಗಿರ್ಬೇಕು.

ನಾನು: ಚೆನ್‌ಗಿಂತ ತಾನ್ ಹಳೇದು ದೊಡ್ಡಪ್ಪ. ಸುಮಾರು 1400 ವರ್ಷದ ಹಿಂದೆ ಆ ಹೆಸರು ‘ಡ’ಕಾರದಂಥ ಸದ್ದಿನಿಂದ ಶುರುವಾಗ್ತಿತ್ತು. ಉತ್ತರದವರ ಬಾಯಲ್ಲಿ ಅದು ಚಕಾರ ಆಯ್ತು, ಆಗ್ನೇಯ ಚೀನಾದ ಫುಜಿಯಾನ್ ಕರಾವಳಿಯವರು ತಕಾರ ಉಳಿಸ್ಕೊಂಡ್ರು. ಸಾಕ್ಷಿ ನಮ್ಮ ಅಡುಗೆಮನೇಲೇ ಇದೆ. ಹುಬ್ಬಳ್ಳಿ ಮಾವ, ಬೆಳಗ್ಗೆ ಎದ್ದು ಏನು ಕುಡೀತೀರಿ?

ಹುಬ್ಬಳ್ಳಿ ಮಾವ: ಚಹಾ. ನೀವು ಅದಕ್ಕ ಟೀ ಅಂತೀರಿ. ಇಲ್ಲಿ ಅದ್ಯಾಕ ಬಂತವ್ವಾ?

ನಾನು: ಇದೇ ಜೋಡಿ ಮಾವ! ಚೀನೀ ಬರಹದಲ್ಲಿ ಎರಡಕ್ಕೂ ಒಂದೇ ಅಕ್ಷರ. ಫುಜಿಯಾನಿನವರು ಅದನ್ನ ‘ತೆ’ ಅಂತಾರೆ. ಡಚ್ಚರ ಹಡಗಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷರ ಟೀ ಆಗಿ ನಮಗೆ ಬಂತು. ಚೀನಾದ ಬೇರೆ ಕಡೆ ‘ಚಾ’. ನಿಮ್ಮ ಚಹಾ ಆ ದಾರೀಲಿ ಬಂದದ್ದು. ತೆ–ಚಾ ಹೇಗೋ ತಾನ್–ಚೆನ್ ಹಾಗೇ. ಹಿಂದೆ ಚಹಾದ ಪದಕ್ಕೂ ಈ ಮನೆತನದ ಹೆಸರಿಗೂ ಮೊದಲ ವ್ಯಂಜನ ಒಂದೇ ಇತ್ತು.

ಹುಬ್ಬಳ್ಳಿ ಮಾವ: ಭಾರಿ ಐತಿ ಬಿಡು. ಇಷ್ಟು ವರ್ಷ ಕುಡದ್ರೂ ಗೊತ್ತಿರಲಿಲ್ಲ.

ದೊಡ್ಡಪ್ಪ: ಅಲ್ಲ ಅನ್ನೋದು ಸುಲಭ. ಎಲ್ಲಿಂದ ಬಂತು, ಅದನ್ನ ಹೇಳು.

ನಾನು: ಒಂದು ಸೀಮೆಯಿಂದ. ಕ್ರಿ.ಪೂ. 11ನೇ ಶತಮಾನ. ಅಲ್ಲಿವರೆಗೆ ಚೀನಾ ಆಳ್ತಿದ್ದ ಶಾಂಗರನ್ನ ಸೋಲಿಸಿದ ಝೌ ವಂಶದ ವೂ ರಾಜ, ಪುರಾಣದ ಶುನ್ ಚಕ್ರವರ್ತಿಯ ಕುಡಿ ಅಂತ ಗುಯಿ ಮಾನ್ ಅನ್ನೋನಿಗೆ ತನ್ನ ಮಗಳನ್ನ ಕೊಟ್ಟು ಚೆನ್ ಸೀಮೆಯನ್ನೂ ಬಿಟ್ಟುಕೊಟ್ಟ. ಈಗಿನ ಹೆನಾನ್ ಪ್ರಾಂತದ ಹುವಾಯ್‌ಯಾಂಗ್ ಅದು. ಕ್ರಿ.ಪೂ. 5ನೇ ಶತಮಾನದಲ್ಲಿ ಚೂ ರಾಜ್ಯ ಅದನ್ನ ನುಂಗಿ ಹಾಕ್ತು. ನೆಲ ಹೋಯ್ತು, ನೆಲದ ಹೆಸರನ್ನ ಜನ ಮನೆತನದ ಹೆಸರಾಗಿ ಹೊತ್ಕೊಂಡು ಹೋದ್ರು. ನಾವು ಊರು ಬಿಟ್ಟು ಎರಡು ತಲೆಮಾರಾಯ್ತು, ಇನಿಶಿಯಲ್ಲಿನಲ್ಲಿ ಊರು ಇನ್ನೂ ಇಲ್ವಾ?

ದೊಡ್ಡಪ್ಪ: ಅಲ್ಲಿಗೆ ಒಬ್ಬ ರಾಜನ ಮಕ್ಕಳು ಅಂತಾಯ್ತು. ಮೂರು ಸಾವಿರ ವರ್ಷ ಒಂದೇ ರಕ್ತ! ನಾನು ವಂಶವೃಕ್ಷ ಬರೀತಾ ಇರೋದೂ ಅದಕ್ಕೇ. ನಮ್ಮ ಹುಡುಗರಿಗೆ ಮುತ್ತಜ್ಜನ ಹೆಸರೇ ಗೊತ್ತಿಲ್ಲ.

ಅಣ್ಣ: ಜಾಕಿ ಚಾನ್ ಕೂಡ ಇದೇ ವಂಶನಾ ಹಾಗಾದ್ರೆ?

ನಾನು: ಅಕ್ಷರ ಅದೇ ಅಣ್ಣ, ಆದ್ರೆ ಅವರಪ್ಪನ ಮೂಲ ಮನೆತನ ಫಾಂಗ್. ಆಮೇಲೆ ಚಾನ್ ಅಂತ ಬದಲಾಯಿಸ್ಕೊಂಡ್ರು. ದೊಡ್ಡಪ್ಪ, ಒಂದೇ ರಕ್ತ ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ. ಕ್ರಿ.ಶ. 496ರಲ್ಲಿ ಉತ್ತರ ಚೀನಾ ಆಳ್ತಿದ್ದ ಉತ್ತರ ವೇಯ್ ವಂಶದ ಅರಸ ಶಿಯಾವೊವೆನ್, ಹುಲ್ಲುಗಾವಲಿಂದ ಬಂದ ತನ್ನ ಶಿಯಾನ್‌ಬೇಯ್ ಜನ ಚೀನೀ ಹೆಸರು ಇಟ್ಕೋಬೇಕು ಅಂತ ಆಜ್ಞೆ ಮಾಡಿದ. ‘ಹೌಮೋಚೆನ್’ ಕುಲದವರು ಬರೀ ಚೆನ್ ಆದ್ರು. ಇತ್ತ ಅಸಲಿ ಚೆನ್ ರಾಜಕುಮಾರ ವಾನ್ ಕ್ರಿ.ಪೂ. 672ರಲ್ಲಿ ಚೀ ರಾಜ್ಯಕ್ಕೆ ಓಡಿಹೋದ, ಅವನ ಮೊಮ್ಮಕ್ಕಳು ಮರಿಮಕ್ಕಳು ತಿಯಾನ್ ಅನ್ನಿಸ್ಕೊಂಡು ಕೊನೆಗೆ ಆ ರಾಜ್ಯವನ್ನೇ ಆಳಿದ್ರು. ರಾಜನ ರಕ್ತದವರ ಹೆಸರು ಬೇರೆ ಆಯ್ತು, ಹೆಸರು ಹೊತ್ತವರ ರಕ್ತ ಬೇರೆ.

ದೊಡ್ಡಪ್ಪ: ಮತ್ತೆ ಆ ಜನ ಗುಡಿ ಕಟ್ಟಿ ಪೂರ್ವಿಕರನ್ನ ಪೂಜೆ ಮಾಡೋದು ಸುಳ್ಳಾ?

ನಾನು: ಖಂಡಿತ ಸುಳ್ಳಲ್ಲ. ಇಲ್ಲಿ ಸಿಂಗಪುರದ ಮ್ಯಾಗಜೀನ್ ರಸ್ತೆಯಲ್ಲಿ ತಾನ್ ಮನೆತನದ ಗುಡಿ ಇದೆ, 1876–78ರಲ್ಲಿ ಕಟ್ಟಿದ್ದು. ಅಲ್ಲಿರೋ ದೇವರು ಚೆನ್ ಯುವಾನ್‌ಗುವಾಂಗ್, ತಾಂಗ್ ಕಾಲದ ದಳಪತಿ. ಫುಜಿಯಾನಿನಲ್ಲಿ ದಂಗೆ ಅಡಗಿಸಿ 686ರಲ್ಲಿ ಝಾಂಗ್‌ಝೌ ಅನ್ನೋ ಆಡಳಿತ ಸೀಮೆ ಮಾಡಿಸಿದವನು. ಆ ಕರಾವಳಿಯಿಂದಲೇ ಹೆಸರು ಸಮುದ್ರ ದಾಟಿದ್ದು. ತೈವಾನಿನಲ್ಲಿ ಇವತ್ತು ನೂರಕ್ಕೆ 11 ಜನ ಚೆನ್. ವಿಯೆಟ್ನಾಮನ್ನ 1225ರಿಂದ 1400ರವರೆಗೆ ಆಳಿ, ಮಂಗೋಲರನ್ನ ಮೂರು ಸಲ ಹಿಮ್ಮೆಟ್ಟಿಸಿದ ತ್ರಾನ್ ಅರಸರ ಹಿರಿಯರೂ ಫುಜಿಯಾನಿನವರು. ಇಂಡೋನೇಷ್ಯಾದಲ್ಲಿ 1966ರ ನಂತರ ಹೆಸರು ಬದಲಾಯಿಸ್ಕೊಳ್ಳೋ ಒತ್ತಡ ಬಂದಾಗ, ಎಷ್ಟೋ ಜನ ತನೋತೊ, ಸುತಾಂತೊ ಅಂತ ಇಟ್ಕೊಂಡು ಒಳಗೆ ‘ತಾನ್’ ಉಳಿಸ್ಕೊಂಡ್ರು. ನನಗೆ ಕಣ್ಣಲ್ಲಿ ನೀರು ತರಿಸೋದು ಇದೇ. ಇಷ್ಟು ದೂರ ಬಂದ ಹೆಸರನ್ನ ಎರಡು ಸಾಲಲ್ಲಿ ನಮ್ಮದು ಅಂತ ಕಿತ್ಕೊಳ್ಳೋದು ಅನ್ಯಾಯ ಅಲ್ವಾ?

ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಮ್ಮ: ಭಾವ ತೆಗೆದೇಬಿಟ್ರಲ್ಲ!

ದೊಡ್ಡಪ್ಪ: ತಪ್ಪು ಅಂದ ಮೇಲೆ ಇಟ್ಕೊಂಡು ಏನು ಮಾಡ್ಲಿ. ಆದ್ರೆ ರಕ್ತದ ಮಾತು ನಾನು ಬಿಡಲ್ಲ. ರಕ್ತ ಇಲ್ದೆ ವಂಶ ಎಲ್ಲಿಂದ?

ನಾನು: ಒಂದು ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಫುಜಿಯಾನಿನ ವರ್ತಕರ ಮನೆಗಳಲ್ಲಿ ದತ್ತುಮಗನನ್ನ ತಗೊಂಡು, ಅವನನ್ನೇ ಕಡಲಾಚೆಯ ವ್ಯಾಪಾರಕ್ಕೆ ಕಳಿಸೋ ರೂಢಿ ಇತ್ತು. ಹೋದವನು ಮನೆತನದ ಹೆಸರಲ್ಲೇ ದುಡಿದು ಮನೆಗೆ ದುಡ್ಡು ಕಳಿಸ್ತಿದ್ದ. ಅವನ ಮಕ್ಕಳೂ ತಾನ್‌ಗಳೇ. ನಮ್ಮ ತಾತ ಈ ಮನೆಗೆ ದತ್ತು ಬಂದವರು. ನೀವು ಬರೀತಿರೋ ವಂಶವೃಕ್ಷದಲ್ಲಿ ಅದು ಇಲ್ಲ. ಅವರು ಹುಟ್ಟಿದ ಮನೆ ಹೆಸರೂ ಇಲ್ಲ.

ಹುಬ್ಬಳ್ಳಿ ಮಾವ: ಈ ಮಾತು ನನಗೂ ಗೊತ್ತಿರಲಿಲ್ಲ.

ಚಿಕ್ಕಮ್ಮ: ಈಗ್ಯಾಕೆ ಅದೆಲ್ಲ, ಪುಟ್ಟಾ.

ನಾನು: ಮುಚ್ಚಿಡೋ ವಿಷಯ ಅಲ್ಲ ಚಿಕ್ಕಮ್ಮ. ಈ ಮನೆ ಹೆಸರು ಉಳಿಸಿದ್ದೇ ತಾತ.

(ರಾತ್ರಿ 10:40)

ದೊಡ್ಡಪ್ಪ: ಅಪ್ಪ ಹುಟ್ಟಿದ ಊರು ನನಗೆ ಗೊತ್ತು. ಚಿಕ್ಕಂದಿನಲ್ಲಿ ಒಂದು ಸಲ ಕರ್ಕೊಂಡು ಹೋಗಿದ್ರು, ಅವರ ಹೆತ್ತ ತಾಯಿ ಇನ್ನೂ ಇದ್ರು, ನನ್ನ ಕೈಗೆ ಬೆಲ್ಲ ಕೊಟ್ರು. ಭಾನುವಾರ ಫೋನ್ ಮಾಡು, ಎಲ್ಲ ಹೇಳ್ತೀನಿ. ಪೆನ್ನು ಹಿಡ್ಕೊಂಡು ಕೂತಿರು.