ಕಟ್ಟುಕತೆಯನ್ನು ನಂಬಿದೆ, ಆತ್ಮಕತೆಯನ್ನು ನಂಬಲಿಲ್ಲ. ನಿಮಗೂ ಹೀಗಾಗಿದೆಯಾ?

ಅರ್ಧಕ್ಕೆ ಬಿಟ್ಟವಳು:

ಮೂರು ತಿಂಗಳಿಂದ ಒಂದು ಫ್ಯಾಂಟಸಿ, ಒಂದು ಆತ್ಮಕತೆ ಅಂತ ಸರದಿ ಹಾಕಿಕೊಂಡು ಓದುತ್ತಿದ್ದೇನೆ. ಒಂದು ಬೇಸರವಾದರೆ ಇನ್ನೊಂದು ಕೈ ಹಿಡಿಯಲಿ ಅಂತ. ನಾಲ್ಕು ಪುಸ್ತಕ ಆಗುವಷ್ಟರಲ್ಲಿ ಎಲ್ಲ ತಲೆಕೆಳಗಾಗಿದೆ. ಇಲ್ಲದ ಲೋಕದ ಕತೆಯನ್ನು ಕಣ್ಣು ಮುಚ್ಚಿ ನಂಬಿದೆ. ನಡೆದ ಬದುಕಿನ ಕತೆಗೆ ಸಾಕ್ಷಿ ಕೇಳುತ್ತಿದ್ದೇನೆ.

ಮೊದಲು ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020). ಶುರುವಿನಲ್ಲಿ ಸುಮ್ನೆ ಸುತ್ತಾಡಿಸುತ್ತದೆ. ಮುಗಿಯದ ಹಜಾರಗಳು, ಸಾಲು ಸಾಲು ಪ್ರತಿಮೆಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರ. ಎಲ್ಲಿದ್ದೇವೆ ಅಂತ ಹೇಳುವವರಿಲ್ಲ. ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಅಲ್ಲಿ ವಾಸಿಸುವ, ಕತೆ ಹೇಳುವ ಮನುಷ್ಯ ದಿನಚರಿ ಬರೆಯುತ್ತಾನೆ, ಬರೆದದ್ದು ಹುಡುಕಲು ಸುಲಭವಾಗಲಿ ಎಂದು ಅದಕ್ಕೊಂದು ಸೂಚಿಯನ್ನೂ ಇಟ್ಟಿರುತ್ತಾನೆ. ಒಂದು ದಿನ ಆ ಸೂಚಿಯಲ್ಲಿ ತನ್ನದೇ ಕೈಬರಹ ಸಿಗುತ್ತದೆ. ಬರೆದದ್ದು ಮಾತ್ರ ನೆನಪೇ ಇಲ್ಲ! ಅಲ್ಲಿಂದ ಮುಂದೆ ಪುಸ್ತಕ ಕೆಳಗಿಟ್ಟದ್ದು ರಾತ್ರಿ ಎರಡು ಗಂಟೆಗೆ. ಮೀನು ಹಿಡಿದು, ಕಡಲಕಳೆ ಒಣಗಿಸಿಕೊಂಡು ಬದುಕುವ ಅವನ ಒಂದು ಮಾತನ್ನೂ ನಾನು ಅನುಮಾನಿಸಲಿಲ್ಲ.

ಆಮೇಲೆ ಟಾರಾ ವೆಸ್ಟೋವರ್ ಅವರ ‘ಎಜುಕೇಟೆಡ್’. ಅಮೆರಿಕದ ಐಡಾಹೊದ ಬೆಟ್ಟದ ಬುಡದಲ್ಲಿ ಅಪ್ಪನ ಗುಜರಿ ಅಂಗಳ. ಶಾಲೆಯಿಲ್ಲ, ಡಾಕ್ಟರಿಲ್ಲ. ಮೊದಲ ಸಲ ತರಗತಿಯಲ್ಲಿ ಕೂತಾಗ ಅವರಿಗೆ 17 ವರ್ಷ. ಗುಜರಿಯ ಭಾಗ ಓದುವಾಗ ನನ್ನ ಕೈ ಬೆವೆತಿತ್ತು, ಸುಳ್ಳು ಹೇಳಲ್ಲ. ಆದರೂ ಚಿಕ್ಕಂದಿನಲ್ಲಿ ಕೇಳಿದ ಮಾತು ಇಷ್ಟು ಚೊಕ್ಕವಾಗಿ ಹೇಗೆ ನೆನಪಿರುತ್ತದೆ? ಹೋದ ವಾರ ಫೋನಿನಲ್ಲಿ ಏನು ಮಾತಾಡಿದೆ ಅನ್ನುವುದೇ ನನಗೆ ನೆನಪಿಲ್ಲ.

‘ದಿ ನೇಮ್ ಆಫ್ ದಿ ವಿಂಡ್’ ಅರ್ಧಕ್ಕೆ ನಿಂತಿದೆ. ನಾಯಕ ಕ್ವೋತ್ ತನ್ನ ಕತೆ ತಾನೇ ಹೇಳುತ್ತಾನೆ. 15ಕ್ಕೇ ವಿಶ್ವವಿದ್ಯಾಲಯ, ಅಲ್ಲಿ ಶುಲ್ಕ ಕಟ್ಟುವ ಬದಲು ಅವರೇ ಇವನಿಗೆ ದುಡ್ಡು ಕೊಡುತ್ತಾರೆ! ಬಡಾಯಿ ಜಾಸ್ತಿಯಾಯಿತು, ಅಲ್ವಾ?

ಕೊನೆಯದು ಜೋನ್ ಡಿಡಿಯನ್ ಅವರ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’. 2003ರ ಡಿಸೆಂಬರ್ 30ರ ರಾತ್ರಿ ಊಟಕ್ಕೆ ಕೂತ ಗಂಡ ಕುಸಿದು ತೀರಿಕೊಳ್ಳುತ್ತಾರೆ. ಆಮೇಲಿನ ಒಂದು ವರ್ಷದ ಕತೆ. ಆದರೆ ಪುಸ್ತಕ ಮತ್ತೆ ಮತ್ತೆ ಅದೇ ರಾತ್ರಿಗೆ ವಾಪಸ್ ಹೋಗುತ್ತದೆ. ನನಗೆ ಬೋರಾಯಿತು. ಸಾವಿನ ಪುಸ್ತಕದ ಬಗ್ಗೆ ಹೀಗೆ ಹೇಳಬಾರದು ಅಂತ ಗೊತ್ತು. ಆದರೂ ಆಯಿತು.

ನಾನು ಓದುವ ರೀತಿಯೇ ತಪ್ಪಾ?

ಅಡಿಟಿಪ್ಪಣಿ:

ನೀವು ‘ಎಜುಕೇಟೆಡ್’ನ ಟಿಪ್ಪಣಿಗಳನ್ನು ಹಾರಿಸಿದ್ದೀರಿ ಅನ್ನಿಸುತ್ತದೆ. ಅಣ್ಣನ ಕಾಲು ಸುಟ್ಟ ದಿನದ ಬಗ್ಗೆ ಒಡಹುಟ್ಟಿದವರ ನೆನಪು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಯಾರು ಬೆಂಕಿ ಆರಿಸಿದರು, ಆಗ ಅಪ್ಪ ಅಲ್ಲಿದ್ದರಾ ಅನ್ನುವುದೇ ಗೊಂದಲ. ನಾನು ಆ ಪುಸ್ತಕವನ್ನು ನಂಬಿದ್ದು ಅಲ್ಲಿಂದಲೇ. ಸಂಭಾಷಣೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಯಾವ ಆತ್ಮಕತೆಯಲ್ಲೂ ಉದ್ಧರಣ ಚಿಹ್ನೆಯೊಳಗಿನ ಮಾತನ್ನು ನಾನು ‘ಸುಮಾರು ಹೀಗಿತ್ತು’ ಎಂದೇ ಓದಿಕೊಳ್ಳುತ್ತೇನೆ.

ಮೂರನೇ ದಿನ:

ಕ್ವೋತ್ ಬಡಾಯಿಗಾರನೇ. ಆದರೆ ಕತೆ ಹೇಳುವಾಗ ಅವನು ಎಲ್ಲಿ ಕೂತಿದ್ದಾನೆ ನೋಡಿ. ಗಿರಾಕಿಗಳಿಲ್ಲದ ಹೋಟೆಲು, ಬೇರೆ ಹೆಸರು, ಸೋತ ಮುಖ. ಆ ಭಾಗವನ್ನು ಅವನು ಹೇಳುವುದಿಲ್ಲ, ಲೇಖಕರು ಹೇಳುತ್ತಾರೆ. ಅದನ್ನು ನೆನಪಿಟ್ಟುಕೊಂಡರೆ ಬಡಾಯಿ ಬೇರೆ ಥರ ಕೇಳಿಸುತ್ತದೆ. ಒಂದೇ ತಕರಾರು: ಮೂರು ದಿನದಲ್ಲಿ ಹೇಳಿ ಮುಗಿಸುತ್ತೇನೆ ಅಂದವನಿಗೆ ದಿನಕ್ಕೊಂದು ಪುಸ್ತಕ, ಎರಡನೇ ದಿನದ್ದು 2011ರಲ್ಲೇ ಬಂತು. ಮೂರನೆಯದಕ್ಕೆ ಕಾಯುತ್ತಾ ನನ್ನ ಕೂದಲು ಬೆಳ್ಳಗಾಯಿತು.

ತನ್ನನ್ನು ತಾನು ಹೊಗಳಿಕೊಳ್ಳದವನು ಬೇಕಿದ್ದರೆ ರಾಬಿನ್ ಹಾಬ್ ಅವರ ‘ಅಸಾಸಿನ್ಸ್ ಅಪ್ರೆಂಟಿಸ್’ ಓದಿ. ಫಿಟ್ಜ್ ರಾಜ್ಯದ ಇತಿಹಾಸ ಬರೆಯಲು ಕೂರುತ್ತಾನೆ, ಪೆನ್ನು ಅವನದೇ ಬಾಲ್ಯಕ್ಕೆ ಜಾರುತ್ತದೆ. ಎಲ್ಲೆಲ್ಲಿ ಪೆದ್ದನಾದೆ ಅನ್ನುವುದನ್ನೂ ಬಿಡದೆ ಬರೆಯುತ್ತಾನೆ.

ಎರಡನೇ ಓದು:

ಡಿಡಿಯನ್ ನನಗೂ ಮೊದಲ ಸಲ ಹಿಡಿಸಿರಲಿಲ್ಲ. ಅಮ್ಮ ಹೋದ ಮೇಲೆ ಮತ್ತೆ ತೆಗೆದೆ. ಅದೇ ರಾತ್ರಿಗೆ ವಾಪಸ್ ಹೋಗುವುದು ಬರವಣಿಗೆಯ ದೋಷ ಅಲ್ಲ ಅಂತ ಆಗ ತಿಳಿಯಿತು. ನಾನೂ ಅದೇ ಮಾಡುತ್ತಿದ್ದೆ. ಆ ಫೋನನ್ನು ಹತ್ತು ನಿಮಿಷ ಮೊದಲು ಮಾಡಿದ್ದರೆ, ಆ ರಾತ್ರಿ ಅಲ್ಲೇ ಉಳಿದಿದ್ದರೆ... ಗಂಡನ ಬಟ್ಟೆಗಳನ್ನು ಕೊಡಲು ತೆಗೆದವರು ಶೂಗಳ ಹತ್ತಿರ ಬಂದು ನಿಲ್ಲುತ್ತಾರಲ್ಲ, ಅದು ನೆನಪಿದೆಯಾ? ವಾಪಸ್ ಬಂದರೆ ಶೂ ಬೇಕಲ್ಲ, ಅದಕ್ಕೆ. ನಾನು ಓದಿದ ಯಾವ ಫ್ಯಾಂಟಸಿಯಲ್ಲೂ ಅಷ್ಟು ಗಟ್ಟಿಯಾದ ಮಾಟ ಸಿಕ್ಕಿಲ್ಲ.

ಅರ್ಧಕ್ಕೆ ಬಿಟ್ಟವಳು:

ಟಿಪ್ಪಣಿ ಹಾರಿಸಿದ್ದು ನಿಜ, ಸಿಕ್ಕಿಬಿದ್ದೆ. ಈಗ ಓದಿದೆ. ಬೆಂಕಿಯ ವಿಷಯದಲ್ಲಿ ತಕರಾರು ವಾಪಸ್, ಸಂಭಾಷಣೆಯ ವಿಷಯದಲ್ಲಿ ಇಲ್ಲ.

ಶೂಗಳ ಭಾಗ ನನಗೆ ನೆನಪೇ ಇರಲಿಲ್ಲ. ಅಲ್ಲಿಯವರೆಗೆ ಓದಿಲ್ಲವೇನೋ ಅಂದುಕೊಂಡು ನಿನ್ನೆ ಹುಡುಕಿದೆ. ಪುಟ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಎರಡೂ ನನ್ನದೇ.

ಫಿಟ್ಜ್ ತರಿಸಿದ್ದೇನೆ. ಕ್ವೋತ್ ಇನ್ನೂ ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದಾನೆ.