ಅತ್ತೆಗೂ ನಗು ಬರುವಂಥ ಕ್ರಿಸ್‌ಮಸ್ ಸಿನಿಮಾ ಯಾವುದು?

ಟಿಳಕವಾಡಿ ಅಮ್ಮ
ನಮಸ್ಕಾರ ರೀ ಎಲ್ಲರಿಗೂ. ಈ ಸಲ ಕ್ರಿಸ್‌ಮಸ್ ರಜೆಗೆ ಗೋವಾ ಬೇಡ, ಮನೆಯಲ್ಲೇ ಕೂತು ಸಿನಿಮಾ ನೋಡೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ನಗಿಸುವ ಸಿನಿಮಾನೇ ಬೇಕಂತೆ. ಮಗಳು ಆರನೇ ಕ್ಲಾಸು, ಮಗ ಒಂದನೇ ಕ್ಲಾಸು. ಬೈಲಹೊಂಗಲದಿಂದ ಅತ್ತೆಯೂ ಬರುತ್ತಾರೆ. ಅವರಿಗೆ ಕನ್ನಡ, ಸ್ವಲ್ಪ ಮರಾಠಿ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ನಾವೆಲ್ಲ ನಗುವಾಗ ಅವರೊಬ್ಬರೇ ಸುಮ್ನೆ ಕೂತಿರುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಯಾವುದು ಹಾಕಲಿ?

ಶಹಾಪುರದ ತಮ್ಮ
ಹೋಮ್ ಅಲೋನ್ ಅಕ್ಕಾ. ಬೇರೆ ಯೋಚನೆನೇ ಬೇಡ. ಬ್ಯಾಡ್ ಸಾಂಟಾ ಮಾತ್ರ ಮಕ್ಕಳ ಮುಂದೆ ಹಾಕಬೇಡಿ. ಹೆಸರಲ್ಲಿ ಸಾಂಟಾ ಇದ್ದರೂ ಅದು ದೊಡ್ಡವರ ಸಿನಿಮಾ, ಬೈಗುಳ ಜಾಸ್ತಿ.

ಕ್ಯಾಂಪ್ ಅಕ್ಕ
ನಮ್ಮದು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿರುವ ಕ್ರಿಶ್ಚಿಯನ್ ಮನೆ. 25ರ ಮಧ್ಯಾಹ್ನ ಊಟ ಆದ ಮೇಲೆ ಅಕ್ಕಪಕ್ಕದ ಅಜ್ಜಿಯರೆಲ್ಲ ನಮ್ಮ ಟಿವಿ ಮುಂದೆ ಸೇರುತ್ತಾರೆ. ಯಾರಿಗೂ ಇಂಗ್ಲಿಷ್ ಬರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮಾತಿನಿಂದ ನಗಿಸುವ ಸಿನಿಮಾ ಬಿಟ್ಟುಬಿಡಿ. ಮುಖ ನೋಡಿದರೆ ನಗು ಬರಬೇಕು, ಅಂಥದ್ದು ಹಾಕಿ.

ಮೊದಲು ಮಿಸ್ಟರ್ ಬೀನ್‌ನ ಕ್ರಿಸ್‌ಮಸ್ ಕಂತು. ಸಿನಿಮಾ ಅಲ್ಲ, 1992ರಲ್ಲಿ ಟಿವಿಯಲ್ಲಿ ಬಂದದ್ದು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮಾತೇ ಇಲ್ಲ ಅನ್ನಬಹುದು. ಟರ್ಕಿ ಕೋಳಿಗೆ ಮಸಾಲೆ ತುಂಬುವಾಗ ಅವನ ಗಡಿಯಾರ ಒಳಗೆ ಬೀಳುತ್ತದೆ. ಹುಡುಕಲು ಹೋಗಿ ತಲೆಯೇ ಸಿಕ್ಕಿಕೊಳ್ಳುತ್ತದೆ. ಅತ್ತೆ ಪಕ್ಕಾ ಶಾಕಾಹಾರಿ ಆದರೆ ಇದನ್ನು ಮೊದಲೇ ಹೇಳಿಬಿಡಿ.

ಆಮೇಲೆ ಹೋಮ್ ಅಲೋನ್, 1990ರದು. ತಮ್ಮ ಹೇಳಿದ್ದು ಸರಿ. ಆದರೆ ಕಳ್ಳರು ಬೀಳುವುದು, ಏಳುವುದು ಎಲ್ಲ ಕೊನೆಗೆ ಬರುತ್ತದೆ. ಮೊದಲು ಬರೀ ಮಾತು. ಅದಕ್ಕೆ ಸಿನಿಮಾ ಹಾಕುವ ಮುಂಚೆ ಅತ್ತೆಗೆ ಕಥೆ ಹೇಳಿ. ಮನೆ ತುಂಬ ನೆಂಟರು, ಬೆಳಿಗ್ಗೆ ಎಲ್ಲರೂ ಪ್ಯಾರಿಸ್‌ಗೆ ಹೊರಡಬೇಕು. ರಾತ್ರಿ ಗಾಳಿಗೆ ಕರೆಂಟ್ ಹೋಗಿ ಅಲಾರಂ ಹೊಡೆಯುವುದಿಲ್ಲ. ಗಡಿಬಿಡಿಯಲ್ಲಿ ಮಕ್ಕಳನ್ನು ಎಣಿಸುವಾಗ ಎದುರುಮನೆಯ ಹುಡುಗನೂ ಲೆಕ್ಕಕ್ಕೆ ಸೇರುತ್ತಾನೆ. ಅಟ್ಟದಲ್ಲಿ ಮಲಗಿದ್ದ ಮನೆಯ ಪುಟ್ಟ ಹುಡುಗ ಕೆವಿನ್ ಅಲ್ಲೇ ಉಳಿಯುತ್ತಾನೆ. ಟೆಂಪೋ ಮಾಡಿಕೊಂಡು ಮದುವೆಗೆ ಹೋಗಿಬಂದ ಯಾವ ಅಜ್ಜಿಗೂ ಇಷ್ಟು ಹೇಳಿದರೆ ಸಾಕು. ವಿಮಾನದಲ್ಲಿ ತಾಯಿಗೆ ಮಗನ ನೆನಪಾದಾಗ ನಮ್ಮ ಅಜ್ಜಿಯರು "ಅಯ್ಯ, ಕೂಸು!" ಅಂತ ಒಟ್ಟಿಗೇ ಕೂಗುತ್ತಾರೆ.

ಇನ್ನೊಂದು ಮಾತು. ಚರ್ಚಿನಲ್ಲಿ ಪಕ್ಕದ ಮನೆಯ ಮುದುಕ ಕೆವಿನ್ ಹತ್ತಿರ ಬಂದು ಕೂರುತ್ತಾನೆ. ಅಲ್ಲಿ ದಯವಿಟ್ಟು ಸಿನಿಮಾ ನಿಲ್ಲಿಸಿ, ಅವರು ಏನು ಮಾತಾಡಿದರು ಅಂತ ಅತ್ತೆಗೆ ಹೇಳಿ. ಅವನಿಗೂ ಮಗನಿಗೂ ಜಗಳ ಆಗಿ ಮಾತು ಬಿಟ್ಟಿದೆ. ಮೊಮ್ಮಗಳು ಹಾಡುವುದನ್ನು ಕೇಳಲು ಬಂದಿದ್ದಾನೆ ಪಾಪ. ಇಡೀ ಸಿನಿಮಾದಲ್ಲಿ ನನಗೆ ಇದೇ ಭಾಳ ಇಷ್ಟ. ಇದು ಗೊತ್ತಿಲ್ಲದಿದ್ದರೆ ಕೊನೆಯಲ್ಲಿ ಮುದುಕ ಕಂಡಾಗ ಅತ್ತೆಗೆ ಏನೂ ಅನ್ನಿಸುವುದಿಲ್ಲ.

ಎಲ್ಫ್ (2003) ಕೂಡ ನಡೆಯುತ್ತದೆ. ಆಳೆತ್ತರದ ನಟ ವಿಲ್ ಫೆರೆಲ್ ಇದರಲ್ಲಿ ಎಲ್ಫ್ ಅನ್ನುವ, ಸಾಂಟಾಗೆ ಸಹಾಯ ಮಾಡುವ ಪುಟ್ಟ ಪುಟ್ಟ ಕುಳ್ಳರ ನಡುವೆ ಬೆಳೆದವನು. ಸ್ಪಾಗೆಟಿ ಮೇಲೆ ಸಿಹಿ ಪಾಕ ಸುರಿದುಕೊಂಡು ತಿನ್ನುತ್ತಾನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಖಾನಾಪುರ ಮಾಸ್ತರ
ಮಗಳಿಗೆ ಕ್ಲೌಸ್ ತೋರಿಸಿ. 2019ರ ಕಾರ್ಟೂನ್ ಸಿನಿಮಾ, ಸ್ಪೇನಿನ ಸೆರ್ಜಿಯೊ ಪಾಬ್ಲೋಸ್ ಮಾಡಿದ್ದು. ಸೋಮಾರಿ ಪೋಸ್ಟ್‌ಮನ್ ಒಬ್ಬನನ್ನು ದೂರದ ಹಿಮದ ಊರಿಗೆ ಹಾಕುತ್ತಾರೆ. ಅಲ್ಲಿ ಎರಡು ಮನೆತನಗಳಿಗೆ ತಲೆತಲಾಂತರದ ಜಗಳ. ಯಾರೂ ಕಾಗದ ಬರೆಯುವುದೇ ಇಲ್ಲ. ಚಿತ್ರಗಳು ತುಂಬಾ ಚಂದ. ಕೊನೆಗೆ ಸ್ವಲ್ಪ ಅಳು ಬರುತ್ತದೆ.

ಟಿಳಕವಾಡಿ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್ ರೀ. ಕಥೆ ಮೊದಲೇ ಹೇಳುವುದು ನನಗೆ ಹೊಳೆದೇ ಇರಲಿಲ್ಲ. ಹೋಮ್ ಅಲೋನ್ ಎಷ್ಟು ಹೊತ್ತು ಇದೆ? ಮಗ ಒಂಬತ್ತಕ್ಕೆ ಮಲಗಿಬಿಡುತ್ತಾನೆ.

ಕ್ಯಾಂಪ್ ಅಕ್ಕ
103 ನಿಮಿಷ. ಆರೂವರೆಗೆ ಶುರು ಮಾಡಿ, ನಡುವೆ ಊಟ ಮುಗಿಸಿ. ಕಳ್ಳರನ್ನು ಓಡಿಸಲು ಕೆವಿನ್ ಬಾಗಿಲ ಹಿಡಿಕೆ ಕಾಯಿಸುವುದು, ಮೇಲಿಂದ ಬಣ್ಣದ ಡಬ್ಬಿ ಬಿಡುವುದು ಎಲ್ಲ ಸಿನಿಮಾದಲ್ಲಿ ಮಾತ್ರ ಅಂತ ಮಗನಿಗೆ ಮೊದಲೇ ಗಟ್ಟಿಯಾಗಿ ಹೇಳಿ.